ಬಸವ್ವಜ್ಜಿಯ ಬಾವಿಗೆ ಇಳಿಬಿಟ್ಟ ಬಿಳಿ ಲಡಿ

ಏಪ್ರಿಲ್ ಇಪ್ಪತ್ತು, ಭಾನುವಾರ. ಬೆಳಗ್ಗೆ ಆರೂ ಮುಕ್ಕಾಲಿಗೆ ನನ್ನ ಬ್ಲಾಗಿಗೆ ಬರೆಯಲು ಕೂತಿದ್ದೇನೆ. ನಿನ್ನೆ ಸಂಜೆ ಚಳ್ಳಕೆರೆಯಿಂದ ಬಸ್ಸಿನಲ್ಲಿ ಊರಿಗೆ ಬಂದೆ. ತಳಕು ದಾಟುವಾಗ ಧೂಳು ಗಾಳಿ ಎದ್ದಿತ್ತು, ಒಂದು ಹನಿಯೂ ಬೀಳಲಿಲ್ಲ. ನಿನ್ನೆಯ ದಿನಚರಿಗೆ ಇಷ್ಟು ಸಾಕು. ಇವತ್ತು ಬರೆಯಬೇಕಾಗಿರುವುದು ಬೇರೆ: ನಾನು ನಾಲ್ಕನೇ ಕ್ಲಾಸು ಮುಗಿಸಿದ ವರ್ಷದ ಬೇಸಿಗೆ, ಮತ್ತು ಅದರ ಬೆನ್ನಿಗೆ ಬಂದ ಮಳೆಗಾಲ.

ಆ ದಿನಗಳಲ್ಲಿ ಮೊಳಕಾಲ್ಮೂರಿನ ನಮ್ಮ ಬೀದಿಯ ಚರಂಡಿಗೆ ದಿನಕ್ಕೊಂದು ಬಣ್ಣವಿತ್ತು. ನಮ್ಮ ತಂದೆ ನಾರಾಯಣಪ್ಪ ರೇಷ್ಮೆ ದಾರಕ್ಕೆ ಬಣ್ಣ ಹಾಕುತ್ತಿದ್ದರು. ಮನೆಯಲ್ಲಿ ನಮ್ಮದು ತೆಲುಗು, ಹಾಗಾಗಿ ಅವರು ನಮಗೆ ನಾಯ್ನ. ಹಿತ್ತಿಲಿನ ತಗಡಿನ ಶೆಡ್ಡಿನಲ್ಲಿ ಸೌದೆ ಒಲೆಗಳ ಮೇಲೆ ತಾಮ್ರದ ಹಂಡೆಗಳಿದ್ದವು. ಮೊದಲ ಹಂಡೆಯಲ್ಲಿ ಸೋಪು, ಸೋಡಾ ಹಾಕಿ ಹಸಿ ದಾರವನ್ನು ಕುದಿಸಿ ಅದರ ಅಂಟು ಬಿಡಿಸುತ್ತಿದ್ದರು. ಆಗ ಏಳುತ್ತಿದ್ದ ಬೆಂದ ಹುಳದ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ಅಡುಗೆ ವಾಸನೆಯಷ್ಟೇ ಸಹಜ. ಆಮೇಲೆ ಬಣ್ಣದ ಹಂಡೆ. ಅದಕ್ಕೆ ಆಸಿಡ್ಡು ಹನಿಸಿದಾಗ ಬರುವ ಹುಳಿ ಹೊಗೆ ಗಂಟಲಿಗೆ ಚುಚ್ಚುತ್ತಿತ್ತು. ನಾಯ್ನ ದಾರದ ಸುರುಳಿಗಳನ್ನು, ಅಂದರೆ ಲಡಿಗಳನ್ನು, ಕೋಲಿಗೆ ಹಾಕಿ, ಕುದಿಯುವ ನೀರಿನಲ್ಲಿ ತಿರುಗಿಸಿ ತಿರುಗಿಸಿ ಎತ್ತುತ್ತಿದ್ದರು. ಅವರ ಉಗುರುಗಳ ಬುಡದಲ್ಲಿ ಸದಾ ಯಾವುದೋ ಒಂದು ಬಣ್ಣ ಉಳಿದಿರುತ್ತಿತ್ತು, ಮದುವೆ ಮನೆಯ ಊಟದೆಲೆಯ ಮುಂದೆ ಕೂತಾಗಲೂ.

ದಾರ ಕುಡಿದು ಉಳಿದ ನೀರು ಚರಂಡಿಗೆ. ಮಧ್ಯಾಹ್ನ ಊಟದ ಹೊತ್ತಿಗೆ ಹಂಡೆ ಬಗ್ಗಿಸುವ ಸದ್ದು ಕೇಳಿದರೆ ಬೀದಿಯ ಮಕ್ಕಳೆಲ್ಲ ಚರಂಡಿಯ ಅಂಚಿಗೆ ಬಂದು ಕೂರುತ್ತಿದ್ದೆವು. ಇವತ್ತು ಯಾವ ಬಣ್ಣ ಎಂದು ಹುಣಿಸೆ ಬೀಜದ ಪಂದ್ಯ. ಸೋಲು ಗೆಲುವುಗಳನ್ನು ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿ ಲೆಕ್ಕ ಇಡುವುದು ನನ್ನ ಕೆಲಸ. ಯಾರೂ ಕೊಟ್ಟ ಕೆಲಸವಲ್ಲ, ನಾನೇ ಹಿಡಿದುಕೊಂಡದ್ದು.

"ಇವತ್ತು ವಂಕಾಯಿ," ಅನ್ನುತ್ತಿದ್ದಳು ಗಿರಿಜಾ. ಬದನೆಕಾಯಿ ಬಣ್ಣಕ್ಕೆ ಶೆಡ್ಡಿನಲ್ಲಿ ಇದ್ದ ಹೆಸರು ಅದು. ತೆಲುಗು ಬಾರದ ಗಿರಿಜಾಳಿಗೂ ಬಣ್ಣಗಳ ಹೆಸರು ಮಾತ್ರ ತೆಲುಗಿನಲ್ಲೇ ಬರುತ್ತಿದ್ದವು.

"ನಿನ್ನೇನೇ ವಂಕಾಯಿ ಆಗೈತೆ. ಇವತ್ತು ಚಿಲಕಪಚ್ಚ," ಅನ್ನುತ್ತಿದ್ದೆ ನಾನು. ಅದು ಗಿಳಿಹಸಿರು.

"ನೀನು ನಿಮ್ಮಪ್ಪನ ಹಂಡೆ ಇಣುಕಿ ಬಂದೀಯ. ಮೋಸಗಾತಿ."

ಗಿರಿಜಾ ಪಕ್ಕದ ಮನೆಯವಳು, ನನ್ನ ಓರಗೆಯವಳು, ಬಸವ್ವಜ್ಜಿಯ ಮೊಮ್ಮಗಳು. ಅವರದು ಲಿಂಗಾಯತರ ಮನೆ. ಊರಾಚೆ ಶೇಂಗಾ ಬೆಳೆಯುವ ಹೊಲ, ಹಿತ್ತಿಲಲ್ಲಿ ಒಂದು ಬಾವಿ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಒಂದು ಕಲ್ಲುಗೋಡೆ.

ಆ ಬಾವಿಯ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಸೀಮೆಯಲ್ಲಿ ಬೋರಿನ ನೀರು ಸವಳು. ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಗೆರೆ ಬರುತ್ತದೆ. ಸ್ನಾನಕ್ಕೆ ನಿಂತರೆ ಸೋಪು ನೊರೆಯಾಗದೆ ಮೊಸರಿನಂತೆ ಒಡೆಯುತ್ತದೆ. ಬಸವ್ವಜ್ಜಿಯ ಬಾವಿ ಮಾತ್ರ ಸಿಹಿ. ಬೇಳೆ ಬೇಯುವ ನೀರು ಎಂದು ಅದಕ್ಕೆ ಹೆಸರು. ಬೀದಿಯ ಎಲ್ಲ ಮನೆಗಳ ಸಾರೂ ಆ ನೀರಿನದೇ. ಅಜ್ಜಿ ಬೆಳಗ್ಗೆ ಹಿತ್ತಿಲ ಬಾಗಿಲು ತೆಗೆದಿಟ್ಟು ಬಾವಿಕಟ್ಟೆಯ ಮೇಲೆ ಕೂರುತ್ತಿದ್ದರು. ಬಂದವರೆಲ್ಲ ಕೊಡ ತುಂಬಿಕೊಳ್ಳುವ ಮೊದಲು ಅವರಿಗೊಂದು ಮಾತು ಹೇಳಿ ಹೋಗಬೇಕು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮಗ್ಗ ನಿಂತಿದೆ, ಎಲ್ಲ ಅವರಿಗೆ ಮೊದಲು ತಿಳಿಯುತ್ತಿತ್ತು. ಊರಿನಲ್ಲಿ ಅವರ ಮನೆಗಿಂತ ಸ್ಥಿತಿವಂತರ ಮನೆಗಳಿದ್ದವು. ಆದರೆ ಬಸವ್ವಜ್ಜಿಯ ಮಾತು ತೆಗೆದುಹಾಕುವವರು ನಮ್ಮ ಬೀದಿಯಲ್ಲಿ ಇರಲಿಲ್ಲ.

ರೇಷ್ಮೆಗೂ ಸಿಹಿನೀರೇ ಬೇಕು. ಸವಳು ನೀರಿನಲ್ಲಿ ತೊಳೆದ ದಾರಕ್ಕೆ ಹೊಳಪು ಬರುವುದಿಲ್ಲ. ನಮ್ಮ ತಾತ ಆ ಮನೆ ಕೊಂಡದ್ದೇ ಪಕ್ಕದಲ್ಲಿ ಆ ಬಾವಿ ಇದೆಯೆಂದು. ಅಜ್ಜಿಯ ಗಂಡ ಇದ್ದ ಕಾಲದಲ್ಲೇ ಗೋಡೆಗೆ ತೂತು ಕೊರೆದು ಪೈಪು ಹಾಕಿಸಿಕೊಟ್ಟಿದ್ದರು. ಹಾಗೆ ಆ ಬಾವಿ ಬೀದಿಗೆ ಸಾರು, ನಮಗೆ ಸಾರು ಮತ್ತು ಸಂಪಾದನೆ ಎರಡನ್ನೂ ಕೊಡುತ್ತಿತ್ತು.

ಆ ವರ್ಷ ಭರಣಿ ಮಳೆ ಒಂದೇ ಏಟಿಗೆ ಸುರಿಯಿತು. ಗುಡ್ಡದ ಬಂಡೆಗಳ ಮೇಲಿನಿಂದ ಇಳಿದ ನೀರು ಬೀದಿಯಲ್ಲಿ ಮೊಣಕಾಲುದ್ದ ಹರಿದು, ಚರಂಡಿ ಉಕ್ಕಿ, ಅಜ್ಜಿಯ ಹಿತ್ತಿಲಿಗೆ ನುಗ್ಗಿತು. ಮಾರನೆಯ ಬೆಳಗ್ಗೆ ಗಿರಿಜಾ ಓಡಿ ಬಂದಳು.

"ಲಚ್ಚೀ, ಬಾರೇ. ನಮ್ಮ ಬಾವ್ಯಾಗೆ ರಾಣಿ ಬಂದೈತೆ."

ರಾಣಿ ಎಂದರೆ ಕಡುಗುಲಾಬಿ. ಮದುವೆ ಸೀರೆಗಳಿಗೆ ಅದೇ ಹೆಚ್ಚು ಹೋಗುತ್ತಿದ್ದುದು. ಹೋಗಿ ನೋಡಿದರೆ ಕೊಡದ ನೀರಿನಲ್ಲಿ ತೀರ ತೆಳುವಾದ ಗುಲಾಬಿ ಛಾಯೆ, ಬೆರಳು ಕುಯ್ದುಕೊಂಡು ನೀರಿಗೆ ಅದ್ದಿದಂತೆ. ನಮಗೆ ಬಲು ಚಂದ ಕಂಡಿತು. ಗಿರಿಜಾಳ ಅಪ್ಪ ತಿಪ್ಪೇಸ್ವಾಮಿಗೆ ಕಾಣಲಿಲ್ಲ. ಅವರು ಆ ಕೊಡವನ್ನೇ ಎತ್ತಿಕೊಂಡು ಬಂದು ನಮ್ಮ ಜಗಲಿಯ ಮೇಲೆ ಇಟ್ಟರು. ಬೀದಿಯವರು ಸೇರಿದರು.

"ಲೇ ನಾರಾಯಣ, ನಮ್ಮವ್ವ ಕೊಟ್ಟ ನೀರಿಗೆ ನೀನು ಬಣ್ಣ ಹಾಕಿ ವಾಪಸ್ ಕಳ್ಸೀಯಾ?"

"ಮಳೆಗೆ ಚರಂಡಿ ಉಕ್ಕೈತಣ್ಣ," ಎಂದರು ನಾಯ್ನ. "ನಾಕು ದಿನ ಸೇದಿ ಚೆಲ್ಲಿದ್ರೆ ತಿಳಿಯಾಗ್ತೈತೆ."

"ಇನ್ನೊಂದು ಮಳೆ ಬಂದ್ರೆ?"

"ನಮ್ಮೂರಾಗೆ ಇನ್ನೊಂದು ಮಳೆ ಬರ್ತೈತೆ ಅಂತ ಹೆದರ್ಕಂಡೋನು ನೀನೇ ಮೊದ್ಲು ನೋಡಣ್ಣ."

ಕೆಲವರು ನಕ್ಕರು. ತಿಪ್ಪೇಸ್ವಾಮಿ ನಗಲಿಲ್ಲ. "ಹಂಡೆ ಇಳಿಸು. ಬೇರೆ ಕಡೆ ಹೋಗಿ ಹಾಕ್ಕೋ," ಎಂದರು.

"ಬೇರೆ ಕಡೆ ಈ ನೀರೈತಾ?" ಎಂದು ನಾಯ್ನ ಕೇಳಿದರು. ನಮ್ಮ ಬೀದಿಯ ಮಗ್ಗಗಳೆಲ್ಲ ನಾಯ್ನನ ದಾರಕ್ಕೆ ಕಾಯುವಂಥವು.

ಕೊನೆಗೆ ಬಸವ್ವಜ್ಜಿಯೇ ಗೋಡೆಯಾಚೆಯಿಂದ ಸುತ್ತಿ ಬಂದರು. ಮಗನಿಗೆ, "ಕೊಡ ಎತ್ಕೋ. ಇನ್ನೊಬ್ಬರ ಮನೆ ಒಲೆ ಆರ್ಸಿ ನಾವೇನು ಬೇಯಿಸ್ಕಂಡು ಉಣ್ಣನ?" ಎಂದರು. ನಾಯ್ನನ ಕಡೆ ತಿರುಗಿ, "ನೀನೊಂದು ಗುಂಡಿ ತೋಡು. ಆ ನೀರು ಬೀದಿಗೆ ಬರೋದು ಬ್ಯಾಡ. ಹಿಂದೆ ಕೆಂಪು ನೀರು ಬಂದಾಗ ಮರಳು, ಇದ್ಲು ಹಾಕಿ ಸೋಸಿ ಕುಡೀತಿದ್ವಿ. ಭೂಮಿಗಿಂತ ದೊಡ್ಡ ಜರಡಿ ಯಾವ್ದೈತೆ?" ಎಂದರು.

ಅದು ಎಲ್ಲರಿಗೂ ಒಪ್ಪಿಗೆಯಾಯಿತು. ಈಗ ಕೂತು ಯೋಚಿಸಿದರೆ, ಅದಕ್ಕಿಂತ ಕೆಟ್ಟ ಉಪಾಯವನ್ನು ಅಷ್ಟು ಒಳ್ಳೆಯ ಮನಸ್ಸಿನಿಂದ ಯಾರೂ ಕೊಟ್ಟಿರಲಾರರು ಅನ್ನಿಸುತ್ತದೆ.

ಗುಂಡಿ ತೋಡಿದ ದಿನಗಳು ನಮಗೆ ಹಬ್ಬ. ಬೇಸಿಗೆ ರಜೆ ಬೇರೆ. ದೊಡ್ಡವರು ಹಾರೆ ಹಿಡಿದು ಅಗೆದರು, ನಾವು ಪುಟ್ಟಿಯಲ್ಲಿ ಮಣ್ಣು ಹೊತ್ತೆವು. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಪುಡಿಯಾಗುವ ಗರಸು. ಅಗೆಯುವುದು ಸುಲಭವಾಗಿದ್ದಕ್ಕೆ ಎಲ್ಲರೂ ಖುಷಿಪಟ್ಟರು. ಅಷ್ಟು ಸಡಿಲವಾದ ನೆಲ ನೀರನ್ನೂ ಅಷ್ಟೇ ಸುಲಭವಾಗಿ ಬಿಟ್ಟುಕೊಡುತ್ತದೆ ಎಂದು ಯಾರೂ ಯೋಚಿಸಲಿಲ್ಲ. ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಇದ್ದಿಲು, ಮರಳು. ಸಂಜೆ ಅಜ್ಜಿ ದೊಡ್ಡ ಬುಟ್ಟಿಯಲ್ಲಿ ಒಗ್ಗರಣೆ ಮಂಡಕ್ಕಿ, ತಟ್ಟೆ ತುಂಬ ಮೆಣಸಿನಕಾಯಿ ಬಜ್ಜಿ ಕಳಿಸಿದರು. ತಿಪ್ಪೇಸ್ವಾಮಿಯೂ ಬಂದು ಕೂತು ತಿಂದರು. ಗುಂಡಿಯನ್ನು ನಮ್ಮ ಹಿತ್ತಿಲಿನ ತಗ್ಗಿನಲ್ಲಿ, ಕಲ್ಲುಗೋಡೆಗೆ ಹತ್ತಿರವೇ ತೋಡಿದ್ದರು, ನೀರು ತಾನಾಗಿ ಇಳಿಯಲೆಂದು. ನಡುವೆ ಗೋಡೆ ಇದ್ದುದರಿಂದ ಗುಂಡಿ ಒಂದು ಮನೆಯದು, ಬಾವಿ ಇನ್ನೊಂದು ಮನೆಯದು ಎಂದು ಎಲ್ಲರಿಗೂ ಅನ್ನಿಸಿತ್ತು. ಮಣ್ಣಿನ ಕೆಳಗೆ ಗೋಡೆ ಇರಲಿಲ್ಲ.

ಚರಂಡಿ ಸಾಮಾನ್ಯ ಚರಂಡಿಯಾಯಿತು. ಮಕ್ಕಳಿಗೆ ಬೇಸರವಾಗಿ ಪಂದ್ಯ ನಿಂತುಹೋಯಿತು. ಗುಂಡಿ ಎಷ್ಟು ಸುರಿದರೂ ಕುಡಿಯುತ್ತಿತ್ತು. ನಾಯ್ನ ಬಂದವರಿಗೆಲ್ಲ ತೋರಿಸುತ್ತಿದ್ದರು: "ನೋಡ್ರಿ, ಒಂದು ಹಂಡೆ ಬಗ್ಗಿಸಿ ಬೀಡಿ ಹಚ್ಚೋದ್ರೊಳಗೆ ಒಣಗಿರ್ತೈತೆ." ಮೊದಲು ಬಣ್ಣದ ನೀರು ಬೀದಿಗೆ ಕಾಣುತ್ತದೆಂಬ ಸಂಕೋಚಕ್ಕಾದರೂ ಒಂದು ಮಿತಿಯಿತ್ತು. ಗುಂಡಿ ಬಂದ ಮೇಲೆ ಅದೂ ಹೋಯಿತು. ಬಾವಿಯ ಗುಲಾಬಿ ಛಾಯೆ ಹತ್ತೇ ದಿನದಲ್ಲಿ ಇಲ್ಲವಾಯಿತು. ಅಜ್ಜಿಯ ಉಪಾಯ ಗೆದ್ದಿತು.

ಆಮೇಲೆ ಬೇಳೆಯ ತಕರಾರು ಶುರುವಾಯಿತು. ನಾನು ಆಗ ಎಣಿಸಲು ಸಿಕ್ಕಿದ್ದನ್ನೆಲ್ಲ ಎಣಿಸುತ್ತಿದ್ದ ಹುಡುಗಿ. ಕುಕ್ಕರಿನ ಕೂಗು ಅದರಲ್ಲೊಂದು. ನಮ್ಮ ಮನೆಯಲ್ಲಿ ತೊಗರಿಬೇಳೆಗೆ ಮೂರು ಕೂಗು. ಸ್ಕೂಲು ಶುರುವಾಗಿ ಸ್ವಲ್ಪ ದಿನಕ್ಕೆ ನಾಲ್ಕಾಯಿತು, ಆರಾಯಿತು. ಅಮ್ಮ ಮುಚ್ಚಳ ತೆಗೆದು, ಒಂದು ಕಾಳು ಹಿಸುಕಿ ನೋಡಿ, "ಇಂಕಾ ಉಡಕಲೇ," ಅನ್ನುತ್ತಿದ್ದಳು. ಇನ್ನೂ ಬೆಂದಿಲ್ಲ ಎಂದು. ಹಳೇ ಬೇಳೆ ಕೊಟ್ಟಿದ್ದಾರೆಂದು ಅಂಗಡಿಯ ಸಾಹೇಬರ ಮೇಲೆ ಜಗಳಕ್ಕೂ ಹೋದಳು.

"ಅಕ್ಕಾ, ಅಸಲಿ ಗುಲ್ಬರ್ಗ ಮಾಲು. ಖುದ್ದು ನಮ್ಮನೇಲಿ ಇದೇ ಬೇಯಿಸ್ತೀವಿ," ಎಂದರು ಸಾಹೇಬರು. "ಬೇಳೆ ಬದಲಾಯ್ಸೋದು ಬಿಟ್ಟು ನೀರು ಬದಲಾಯ್ಸಿ ನೋಡಿ."

"ನಮ್ಮದು ಬಸವ್ವನೋರ ಬಾವಿ ನೀರು," ಎಂದಳು ಅಮ್ಮ. ಮಾತು ಅಲ್ಲಿಗೆ ಮುಗಿಯಿತು. ಆ ನೀರನ್ನು ಅನುಮಾನಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ತಿಪ್ಪೇಸ್ವಾಮಿ ಒಬ್ಬರೇ ಅನುಮಾನಿಸಿದರು. ತಮ್ಮ ಮನೆಯಲ್ಲೂ ಬೇಳೆ ಬೇಯುತ್ತಿಲ್ಲ, ನೀರು ನಾಲಿಗೆಗೆ ಒಗರು ಎಂದು ಕಟ್ಟೆಯ ಮೇಲೆ ನಿಂತು ಹೇಳಿದರು. ಕೇಳಿದವರು, ಗುಲಾಬಿ ಹೋಗಿದೆಯಲ್ಲ, ಕನ್ನಡಿಯಂತಿದೆಯಲ್ಲ ಎಂದರು. ಆಷಾಢದ ಒಂದು ಸಂಜೆ ಅವರು ಸಿಟ್ಟು ತಡೆಯಲಾರದೆ ನಮ್ಮ ಬಾಗಿಲಿಗೆ ಬಂದು, ನಾಲ್ಕು ಜನ ಕೇಳುವಂತೆ, "ಬಣ್ಣ ಹಾಕೋನಲ್ಲ ನೀನು, ವಿಷ ಹಾಕೋನು," ಎಂದರು.

ನಾಯ್ನ ಉಣ್ಣುತ್ತಿದ್ದವರು ಕೈ ತೊಳೆದು ಎದ್ದರು. ಶೆಡ್ಡಿಗೆ ಹೋಗಿ ಅಂಟು ಬಿಡಿಸಿ ಒಣಗಿಸಿದ್ದ ಒಂದು ಬಿಳಿ ಲಡಿ ತಂದರು.

"ಮನುಷ್ಯ ಸುಳ್ಳು ಹೇಳ್ತಾನೆ ತಿಪ್ಪೇಸ್ವಾಮಿ. ದಾರ ಹೇಳಲ್ಲ. ರೇಷ್ಮೆ ಬಣ್ಣ ಕಂಡ್ರೆ ಬಿಡಲ್ಲ. ಇದನ್ನ ಇವತ್ತು ನಿಮ್ಮ ಬಾವಿಗೆ ಬಿಡಾನ. ಬೆಳಗ್ಗೆ ಒಂದು ಎಳೆಗೆ ಒಂದು ಚುಕ್ಕಿ ಬಣ್ಣ ಹತ್ತಿದ್ರೂ ಹಂಡೆ ಮಗುಚಿ ಹಾಕ್ತೀನಿ. ಹತ್ತದೆ ಇದ್ರೆ?"

"ಹತ್ತದೆ ಇದ್ರೆ ಎಲ್ಲರ ಮುಂದೆ ತಪ್ಪಾತು ಅಂತೀನಿ," ಎಂದರು ತಿಪ್ಪೇಸ್ವಾಮಿ.

ನಮ್ಮದು ನೇಕಾರರ ಬೀದಿ. ದಾರದ ಸಾಕ್ಷಿಗಿಂತ ದೊಡ್ಡ ಸಾಕ್ಷಿ ನಮಗೆ ಬೇರೆ ಇರಲಿಲ್ಲ. ಹುಟ್ಟಿದಾಗಿನಿಂದ ನಾವೆಲ್ಲ ಕಂಡದ್ದು ಅದೇ: ಬಿಳಿ ಲಡಿ ನೀರಿಗಿಳಿಯುತ್ತದೆ, ನೀರಿನಲ್ಲಿದ್ದದ್ದು ದಾರಕ್ಕೆ ಬರುತ್ತದೆ. ಲಡಿಗೆ ಕಲ್ಲು ಕಟ್ಟಿ, ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರು. ಹಗ್ಗದ ತುದಿಯನ್ನು ಅಜ್ಜಿ ತಾವೇ ಗಡಗಡೆಯ ಕಂಬಕ್ಕೆ ಬಿಗಿದರು.

ಬೆಳಗ್ಗೆ ಇಡೀ ಬೀದಿ ಅಜ್ಜಿಯ ಹಿತ್ತಿಲಲ್ಲಿತ್ತು. ಗಿರಿಜಾ, ನಾನು ಕಟ್ಟೆಗೆ ಹೊಟ್ಟೆ ಒತ್ತಿ ಬಗ್ಗಿದ್ದೆವು. ಹಗ್ಗ ಮೇಲೆ ಬಂತು. ನಾಯ್ನ ಲಡಿಯನ್ನು ಹಿಂಡಿ, ಎರಡು ಕೈಯಲ್ಲಿ ಅಗಲಿಸಿ, ಬಿಸಿಲಿಗೆ ಹಿಡಿದರು. ಅಚ್ಚ ಬಿಳುಪು. ಹತ್ತಾರು ವರ್ಷ ಮಗ್ಗದ ಮುಂದೆ ಕೂತ ಕಣ್ಣುಗಳು ಒಂದೊಂದಾಗಿ ಬಂದು ನೋಡಿದವು.

"ಹಾಲಿದ್ದಂಗೈತೆ," ಎಂದರು ಯಾರೋ.

ಬಸವ್ವಜ್ಜಿ ಬೊಗಸೆ ಒಡ್ಡಿ ಕೊಡದಿಂದ ನೀರು ಹಾಕಿಸಿಕೊಂಡು ಎಲ್ಲರೆದುರು ಕುಡಿದರು. ಆಮೇಲೆ ಮಗನನ್ನು ನೋಡಿ, "ಹೇಳು," ಎಂದರು.

"ಅವ್ವಾ, ನೀರಿನ ರುಚಿ..."

"ಮಾತು ಕೊಟ್ಟೀಯ. ಹೇಳು."

ತಿಪ್ಪೇಸ್ವಾಮಿ ನೆಲ ನೋಡಿಕೊಂಡು, "ತಪ್ಪಾತು ನಾರಾಯಣಪ್ಪ," ಎಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ನಾಯ್ನ ಬರೀ ನಾರಾಯಣ. ಗಿರಿಜಾ ಕಟ್ಟೆಯಿಂದ ಇಳಿದು, ನನ್ನ ಮುಖ ನೋಡದೆ ಒಳಗೆ ಹೋದಳು. ಆಮೇಲೆ ಅವಳು ನಮ್ಮ ಶೆಡ್ಡಿಗೆ ಆಡಲು ಬರಲಿಲ್ಲ. ಕರೆದರೆ ಏನಾದರೊಂದು ಕೆಲಸ ಹೇಳುತ್ತಿದ್ದಳು.

ಆ ಬೆಳಗ್ಗೆ ಅಲ್ಲಿದ್ದವರಲ್ಲಿ ಸರಿಯಾದ ಮಾತಾಡಿದ್ದವರು ಒಬ್ಬರೇ. ತಪ್ಪೊಪ್ಪಿಕೊಂಡವರೂ ಅವರೇ.

ಅದಾದ ಮೇಲೆ ನೀರಿನ ವಿಷಯ ಎತ್ತುವ ಹಾಗಿರಲಿಲ್ಲ. ಅಜ್ಜಿ ಮೊದಲಿಗಿಂತ ಹೆಚ್ಚಾಗಿ, ಬೇರೆಯವರಿಗೆ ತೋರಿಸಲೆಂದೇ ಅನ್ನುವಂತೆ, ಆ ನೀರು ಕುಡಿಯುತ್ತಿದ್ದರು. ಬೇಳೆಗೆ ಚಿಟಿಕೆ ಸೋಡಾ ಹಾಕುವುದನ್ನು ಬೀದಿಯ ಹೆಂಗಸರು ಒಬ್ಬರಿಂದೊಬ್ಬರು ಕಲಿತರು. ದಸರೆಯ ಹೊತ್ತಿಗೆ ಬಿಂದಿಗೆ ಮೇಲೆತ್ತಿದರೆ ಕೊಳೆತ ಮೊಟ್ಟೆಯ ವಾಸನೆ. ಅಜ್ಜಿ ಹುಣಿಸೆಹಣ್ಣು ಹಚ್ಚಿ ಬೆಳಗಿದ ತಾಮ್ರದ ಕೊಡ ಎರಡೇ ದಿನಕ್ಕೆ ಒಳಗೆಲ್ಲ ಕಪ್ಪಾಯಿತು. ಇಲಿ ಬಿದ್ದಿರಬೇಕು, ಹೂಳು ತೆಗೆಸಿದರೆ ಸರಿಹೋಗುತ್ತದೆ ಎಂದರು. ಮೋಟರಿಟ್ಟು ನೀರು ಹೊರಹಾಕಿ, ತಿಪ್ಪೇಸ್ವಾಮಿ ಇಬ್ಬರು ಆಳುಗಳ ಜೊತೆ ತಾವೇ ಇಳಿದರು. ಕೆಮ್ಮುತ್ತ, ಕಣ್ಣುಜ್ಜುತ್ತ ಮೇಲೆ ಬಂದರು. ಇಲಿ ಇರಲಿಲ್ಲ. ಬುಟ್ಟಿ ಬುಟ್ಟಿ ಬಂದದ್ದು ಕಾಡಿಗೆಯಂಥ ಕೆಸರು. ಕಲ್ಲುಗೋಡೆಯ ಕಡೆಯ ಬಿರುಕುಗಳಲ್ಲೇ ಅದು ಹೆಚ್ಚಾಗಿತ್ತು.

ನಾಯ್ನ ಒಂದು ಹಿಡಿ ಕೆಸರು ಎತ್ತಿ ಮೂಸಿ, ಹಾಗೆಯೇ ನಿಂತರು. ಅದರಲ್ಲಿ ರಾಣಿ ಇರಲಿಲ್ಲ, ವಂಕಾಯಿ ಇರಲಿಲ್ಲ, ಯಾವ ಬಣ್ಣವೂ ಇರಲಿಲ್ಲ. ಬಸವ್ವಜ್ಜಿ ಹತ್ತಿರ ಬಂದರು.

"ದಾರ ಬೆಳ್ಳಗೇ ಇತ್ತಲ್ಲ, ನಾರಾಯಣಪ್ಪ?"

ಅವರು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು. ಬಣ್ಣದ ವಿಷಯ ತಿಳಿದವನು ಹೇಳಲಿ ಎಂದು ಕಾದು ನಿಂತಿದ್ದರು. ನಾಯ್ನ ಕೆಸರನ್ನು ಕೆಳಗೆ ಹಾಕಿ, "ಇತ್ತವ್ವ," ಎಂದಷ್ಟೇ ಹೇಳಿ ಗೋಡೆ ಸುತ್ತಿಕೊಂಡು ಮನೆಗೆ ಬಂದರು.

ದೀಪಾವಳಿಯ ಮುಂಚೆ ಬಾವಿಯ ಮೇಲೆ ಕಲ್ಲಿನ ಚಪ್ಪಡಿ ಎಳೆದರು. ಅಜ್ಜಿ ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತದ್ದನ್ನು ಅವತ್ತೇ ಮೊದಲ ಸಲ ಕಂಡೆವು. ಹೆಂಗಸರು ಸರಿದು ಜಾಗ ಬಿಟ್ಟರು. "ಪಾಳಿ ಪ್ರಕಾರನೇ ಬರ್ತೀನಿ ಬಿಡ್ರಮ್ಮ," ಎಂದು ಕೊನೆಗೆ ಹೋಗಿ ನಿಂತರು. ಚಪ್ಪಡಿ ಎಳೆಯುವಾಗ ಪೈಪನ್ನು ಮಾತ್ರ ತೆಗೆಯಬೇಡಿ ಎಂದಿದ್ದರಂತೆ. ಕುಡಿಯಲಿಕ್ಕಂತೂ ಆಗುವುದಿಲ್ಲ, ಅವನ ಬಣ್ಣಕ್ಕಾದರೂ ಆಗಲಿ ಎಂದು. ನಾಯ್ನ ಆ ನೀರಿನಲ್ಲೇ ಇನ್ನೂ ಮೂರು ವರ್ಷ ಹಂಡೆ ಕುದಿಸಿದರು. ಆಮೇಲೆ ರಾಣಿ ಬಣ್ಣ ಮಂಕಾಗತೊಡಗಿತು. ಸೀರೆಗೆ ಹೊಳಪಿಲ್ಲವೆಂದು ವ್ಯಾಪಾರಿಗಳು ದಾರ ವಾಪಸು ಕಳಿಸಿದರು. ಬೀದಿಯ ಬೇಳೆ ಬೇಯದಿದ್ದಾಗ ಆರದ ಒಲೆ, ರಾಣಿ ಮಂಕಾದಾಗ ಆರಿತು. ಇದನ್ನು ಬರೆಯುವುದು ಮಗಳಿಗೆ ಸುಲಭವಲ್ಲ, ಆದರೆ ನಡೆದದ್ದು ಹೀಗೆಯೇ.

ಅಜ್ಜಿಯ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಕಾಲೇಜಿನಲ್ಲಿ. ಈಗ ನಾನು ಚಳ್ಳಕೆರೆಯಲ್ಲಿ ನೀರು, ಮಣ್ಣು ಪರೀಕ್ಷೆ ಮಾಡುವ ಒಂದು ಸಣ್ಣ ಕಡೆ ಕೆಲಸಕ್ಕಿದ್ದೇನೆ. ತಿಳಿದಷ್ಟನ್ನು ಸರಳವಾಗಿ ಹೇಳುತ್ತೇನೆ. ಬಣ್ಣಕ್ಕೆ ಬಣ್ಣ ಬರುವುದು ಅದರೊಳಗಿನ ಕಣದ ಎರಡು ಭಾಗಗಳು ಒಂದು ಕೊಂಡಿಯಿಂದ ಸೇರಿಕೊಂಡಿರುವುದರಿಂದ. ನಾವು ಬಳಸುತ್ತಿದ್ದ ಬಣ್ಣಗಳಲ್ಲಿ ಹೆಚ್ಚಿನವು ಈ ಬಗೆಯವು. ಗಾಳಿಯಾಡದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳು ಆ ಕೊಂಡಿಯನ್ನು ಕತ್ತರಿಸುತ್ತವೆ. ಆಗ ಬಣ್ಣ ಮಾಯವಾಗುತ್ತದೆ, ತುಂಡುಗಳು ಉಳಿಯುತ್ತವೆ. ಅವುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ಕೆಟ್ಟವು, ಮತ್ತು ಅವು ಕಣ್ಣಿಗೆ ಕಾಣುವುದಿಲ್ಲ. ಬಣ್ಣದ ಜೊತೆ ಹಾಕುವ ಉಪ್ಪುಗಳಾದರೋ ಒಡೆಯುವುದೂ ಇಲ್ಲ, ಮಣ್ಣಿಗೆ ಅಂಟುವುದೂ ಇಲ್ಲ. ನೀರು ಹೋದಲ್ಲಿಗೆ ಹೋಗುತ್ತವೆ. ಬೇಳೆ ಬೇಯದಂತೆ ಮಾಡಿದ್ದು, ಕೆಸರಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಎಬ್ಬಿಸಿದ್ದು ಅಂಥವೇ ಇರಬೇಕು. ಇನ್ನು ಬಣ್ಣ ಗಟ್ಟಿಯಾಗಲೆಂದು ಸೇರಿಸುವ ಲೋಹಗಳು ಜೇಡಿಮಣ್ಣಿಗೆ ಅಂಟಿಕೊಂಡು ಎಷ್ಟೋ ವರ್ಷ ಕೂತಿರುತ್ತವೆ, ನೀರಿನ ಗುಣ ಬದಲಾದಾಗ ಬಿಟ್ಟು ಹೊರಡುತ್ತವೆ. ಭೂಮಿ ಜರಡಿ ಹೌದು. ಆದರೆ ಜರಡಿ ಹಿಡಿದಿಟ್ಟುಕೊಂಡದ್ದು ಜರಡಿಯಲ್ಲೇ ಇರುತ್ತದೆ, ಅದನ್ನು ಕೊಡವಿ ಎಸೆಯುವವರು ಯಾರೂ ಇರುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಇನ್ನೂ ಸಣ್ಣ ವಿಷಯ. ತಣ್ಣನೆಯ ನೀರಿನಲ್ಲಿ, ಆಸಿಡ್ಡು ಇಲ್ಲದೆ, ಅಷ್ಟು ತೆಳುವಾಗಿ ಬೆರೆತ ಬಣ್ಣ ಇದ್ದರೂ ರೇಷ್ಮೆ ಅದನ್ನು ಹಿಡಿಯುವುದಿಲ್ಲ. ಹಿಡಿಯುವಂತಿದ್ದರೆ ನಾಯ್ನ ದಿನಾ ಸೌದೆ ಉರಿಸಬೇಕಾಗಿಯೇ ಇರಲಿಲ್ಲ. ಪ್ರಯೋಗಶಾಲೆಯಲ್ಲಿ ಬೀಕರು ಹಿಡಿದು ನಿಂತಿದ್ದಾಗ ಇದು ಹೊಳೆಯಿತು. ಆ ಬಾವಿಯಲ್ಲಿ ಏನೇ ಇದ್ದರೂ ಲಡಿ ಬಿಳಿಯಾಗಿಯೇ ಬರುತ್ತಿತ್ತು. ಬೀದಿಯ ಬೇರೆಯವರು ದಾರ ನೇಯುವವರು, ಅವರಿಗೆ ಹೊಳೆಯದೆ ಇರಬಹುದು. ನಾಯ್ನ ಬಣ್ಣ ಹಾಕುವವರು.

ಕಳೆದ ಯುಗಾದಿಗೆ ಊರಿಗೆ ಬಂದಾಗ ಕೇಳಿಯೇಬಿಟ್ಟೆ. "ನಾಯ್ನಾ, ತಣ್ಣೀರಿನಾಗೆ ದಾರ ಬಣ್ಣ ಹಿಡಿಯಲ್ಲ ಅಂತ ನಿಂಗೆ ಗೊತ್ತಿರ್ಲಿಲ್ವಾ?"

ಅವರು ತಮ್ಮ ಕೈಗಳನ್ನು ತಿರುಗಿಸಿ ನೋಡಿಕೊಂಡರು. ಉಗುರುಗಳು ಈಗ ಎಲ್ಲರ ಉಗುರಿನಂತೆ ಸಪ್ಪೆಯಾಗಿವೆ.

"ಆವತ್ತು ದಾರ ಬೆಳ್ಳಗೆ ಬರ್ಲಿ ಅಂತ ಜಟಿಂಗ ರಾಮೇಶ್ವರಂಗೆ ಮುಡುಪು ಕಟ್ಟಿದ್ದೆ ಕಣಮ್ಮ," ಎಂದರು. "ಗೊತ್ತಿತ್ತೋ ಇಲ್ವೋ, ಅದು ನೆನಪಿಲ್ಲ. ಮುಡುಪು ನೆನಪೈತೆ."



ಈಗ ನಮ್ಮ ಬೀದಿಯಲ್ಲಿ ಬಣ್ಣದ ಶೆಡ್ಡು ಇಲ್ಲ. ಉಳಿದ ಮಗ್ಗಗಳಿಗೆ ಬಣ್ಣ ಹಾಕಿದ ದಾರವೇ ಹೊರಗಿನಿಂದ ಬರುತ್ತದೆ, ಬಲು ಹೊಳಪಾಗಿ. ಅದರ ಹಂಡೆ ಎಲ್ಲಿ ಬಗ್ಗುತ್ತದೋ, ಆ ಗುಂಡಿಯ ಪಕ್ಕದ ಬಾವಿ ಯಾರದೋ, ಇಲ್ಲಿ ಯಾರೂ ಕೇಳುವುದಿಲ್ಲ. ಕುಡಿಯುವ ನೀರು ಕ್ಯಾನಿನಲ್ಲಿ ಬರುತ್ತದೆ. ಗಿರಿಜಾ ಮದುವೆಯಾಗಿ ಬಳ್ಳಾರಿ ಕಡೆ ಇದ್ದಾಳೆ. ಹಬ್ಬಕ್ಕೆ ಬಂದಾಗ ಸಿಕ್ಕರೆ ಚೆನ್ನಾಗಿದ್ದೀಯಾ ಎಂದು ಕೇಳುತ್ತಾಳೆ, ನೆಂಟರನ್ನು ಕೇಳುವ ಹಾಗೆ. ಕೊಡ ಹಿಡಿದು ಹಿತ್ತಿಲಿಗೆ ಬರುವವರು ಇಲ್ಲವಾದ್ದರಿಂದ ಬಸವ್ವಜ್ಜಿಗೆ ಬೀದಿಯ ಸುದ್ದಿ ಎಲ್ಲರಿಗಿಂತ ಕೊನೆಗೆ ತಲುಪುತ್ತದೆ. ಎಂಬತ್ತು ದಾಟಿರುವ ಅವರು ಮಗ ಸೊಸೆಯ ಜೊತೆ ಅದೇ ಮನೆಯಲ್ಲಿದ್ದಾರೆ. ಕಿವಿ ಚುರುಕಾಗಿದೆ.

ನಾನು ಪ್ರತಿ ಸಲ ಬಂದಾಗಲೂ ಚಪ್ಪಡಿಯ ಸಂದಿನಿಂದ ಹಗ್ಗ ಬಿಟ್ಟು ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ ಪರೀಕ್ಷಿಸುತ್ತೇನೆ, ಬರೆದಿಡುತ್ತೇನೆ. ನೀರಿನ ಗಡಸುತನ ನಿಧಾನವಾಗಿ ಇಳಿಯುತ್ತಿದೆ, ಒಂದು ಒಳ್ಳೆಯ ಮಳೆ ಬಂದ ವರ್ಷ ಮತ್ತೆ ಏರುತ್ತದೆ. ಗುಂಡಿಯ ಮಣ್ಣಿನಲ್ಲಿ ಉಳಿದಿದ್ದು ಆಗ ಇಳಿದು ಬರುತ್ತದೆ ಎಂದು ನನ್ನ ಊಹೆ. ಬಣ್ಣದ ತುಂಡುಗಳನ್ನು ಅಳೆಯುವ ಯಂತ್ರ ನಾನಿರುವ ಕಡೆ ಇಲ್ಲ. ತಿಪ್ಪೇಸ್ವಾಮಿ ಹಗ್ಗ ಹಿಡಿದುಕೊಳ್ಳಲು ಬರುತ್ತಾರೆ. ಅಜ್ಜಿ ಒಳಗಿನಿಂದ ಕೇಳುತ್ತಾರೆ:

"ಲಚ್ಚೀ, ಚಪ್ಪಡಿ ಯಾವಾಗ ತೆಗಿಸ್ಲೇ?"

"ಇನ್ನೂ ಸ್ವಲ್ಪ ದಿನ ಅಜ್ಜೀ."

ನಿನ್ನೆಯೂ ಇದೇ ಆಯಿತು. ಹೋದ ವರ್ಷವೂ, ಅದರ ಹಿಂದಿನ ವರ್ಷವೂ. ನಿನ್ನೆ ಮಾತ್ರ ಅವರು ಒಂದು ಮಾತು ಸೇರಿಸಿದರು: "ಸ್ವಲ್ಪ ಅಂದ್ರೆ ನಿಮ್ಮ ಕಡೆ ಎಷ್ಟು?"

ಅದು ನನಗೆ ಗೊತ್ತಿಲ್ಲ. ಪುಸ್ತಕಗಳಲ್ಲಿ ಇರುವುದು ಬೇರೆ ಊರುಗಳ ನೆಲ, ಬೇರೆ ಊರುಗಳ ಮಳೆ. ಆದ್ದರಿಂದ ಇದನ್ನು ಓದುವವರಲ್ಲಿ ಕೇಳುತ್ತಿದ್ದೇನೆ. ಬಣ್ಣದ ನೀರು ಇಂಗಿ ಕೆಟ್ಟ ಬಾವಿ ನಿಮ್ಮ ಊರಿನಲ್ಲಿದ್ದು ಅದು ಮತ್ತೆ ಕುಡಿಯುವಂತಾಗಿದ್ದರೆ ದಯವಿಟ್ಟು ಬರೆಯಿರಿ. ನೆಲ ಯಾವ ಬಗೆಯದು, ಗುಂಡಿಯ ಮಣ್ಣನ್ನು ತೆಗೆಸಿದಿರಾ, ತೆಗೆಸಿ ಎಲ್ಲಿಗೆ ಹಾಕಿದಿರಿ, ನೀರನ್ನು ಎಲ್ಲೆಲ್ಲಿ ಪರೀಕ್ಷೆ ಮಾಡಿಸಿದಿರಿ, 'ಕುಡಿಯಬಹುದು' ಎಂದು ಯಾರು ಹೇಳಿದರು, ಎಲ್ಲ ಬೇಕು. ಅಂಥ ಬಾವಿಗಳು ಮತ್ತೆ ಸರಿಹೋಗುವುದೇ ಇಲ್ಲವೆಂದು ಖಚಿತವಾಗಿ ತಿಳಿದವರಿದ್ದರೆ ಅವರೂ ಬರೆಯಿರಿ. ಅಜ್ಜಿಗೆ ಹೇಳಬೇಕಾದವಳು ನಾನು. ನನ್ನ ಮುಂದಿನ ರಜೆಯೊಳಗೆ ತಿಳಿದರೆ ಒಳ್ಳೆಯದು.